ಬಲವಾಗಿ ಬೆಂಬಲಿಸುತ್ತೇನೆ

ಬಡಿಸುವವರ ಟಿಪ್ಸಿನ ಮೇಲೆ ತೆರಿಗೆ ಇರಬಾರದು ಎಂಬ ವಿಷಯದಲ್ಲಿ, ಅಮೆರಿಕದ ಟಲ್ಸಾ ಊರಿನಾಚೆ ಹೆದ್ದಾರಿ ಬದಿಯಲ್ಲಿರುವ ನಮ್ಮ ಹ್ಯಾಸ್ಕೆಲ್ ಹೋಟೆಲಿನ ಗಿರಾಕಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಇದು ಅಧಿಕೃತವಾಗಿ ಸಾಬೀತಾಗಿದೆ. ಸಾಬೀತಾದ ಕ್ರಮ ಈ ಕೆಳಗಿನಂತಿದೆ.

ನಮ್ಮಲ್ಲಿ ಬಡಿಸುವವಳಿಗೆ ಮಾಲೀಕರು ಗಂಟೆಗೆ ಎರಡು ಡಾಲರಿನ ಮೇಲೆ ಚಿಲ್ಲರೆ ಕೊಡುತ್ತಾರೆ. ಉಳಿದದ್ದು ಗಿರಾಕಿಯ ಒಳ್ಳೆಯತನದಿಂದ ಬರಬೇಕು. ಅದಕ್ಕೆಂದೇ ಬಿಲ್ಲಿನ ಯಂತ್ರವನ್ನು ಗಿರಾಕಿಯ ಕಡೆ ತಿರುಗಿಸುತ್ತೇವೆ. ಟಿಪ್ಸು ನೂರಕ್ಕೆ ಹದಿನೆಂಟೋ ಇಪ್ಪತ್ತೋ ಎಂದು ಅದು ಕೇಳುತ್ತದೆ. ಅವನು ಒತ್ತುವವರೆಗೆ, ಮುಜುಗರವಾಗದಿರಲೆಂದು, ಬಡಿಸಿದವಳು ಚಾವಣಿ ನೋಡಬೇಕು. ಒಂಬತ್ತು ವರ್ಷದಿಂದ ಬಡಿಸುತ್ತಿರುವ ರೊವೀನಾಗೆ ನಮ್ಮ ಚಾವಣಿಯ ಕಲೆಗಳೆಲ್ಲ ಪರಿಚಯ.

ಒಂದು ಸೋಮವಾರ ಜನಮನ ಮಾಪನ ಕೇಂದ್ರದ ಪ್ರೆಂಟಿಸ್ ಎಂಬ ಅಧಿಕಾರಿ ಬಂದರು. ಮನೆ ಮನೆಗೆ ಹೋಗಿ ಅಭಿಪ್ರಾಯ ಕೇಳಿದರೆ ಜನ ನಾಯಿ ಬಿಡುತ್ತಾರೆ; ಬಿಲ್ಲಿನ ಯಂತ್ರದ ಮುಂದೆ ಮಾತ್ರ ನಾಚಿಕೊಂಡು ಒಳ್ಳೆಯವರಾಗುತ್ತಾರೆ ಎಂಬುದು ಅವರ ಸಂಶೋಧನೆ. ಆದ್ದರಿಂದ ಟಿಪ್ಸಿನ ಪುಟಕ್ಕೂ ಮೊದಲು ಒಂದು ಪ್ರಶ್ನೆ ಸೇರಿಸಿದರು: ಟಿಪ್ಸಿನ ಮೇಲಿನ ತೆರಿಗೆ ರದ್ದಾಗಬೇಕೆ? ಉತ್ತರಕ್ಕೆ ಮೂರು ಗುಂಡಿ: ಬಲವಾಗಿ ಬೆಂಬಲಿಸುತ್ತೇನೆ, ಬೆಂಬಲಿಸುತ್ತೇನೆ, ಗೊತ್ತಿಲ್ಲ.

ಮೊದಲು ಒತ್ತಿದವನು ಲಾರಿ ಓಡಿಸುವ ಓರ್ವಿಲ್. ಒತ್ತಿದ, ಟೋಪಿ ಹಾಕಿಕೊಂಡ, ಎದ್ದ.

"ಬಲವಾಗೇ ಒತ್ತಿದೀನಿ ಕಣಮ್ಮ. ಖುಷಿನಾ?"

"ಅದು ಅಭಿಪ್ರಾಯ ಓರ್ವಿಲ್. ಟಿಪ್ಸು ಮುಂದಿನ ಪುಟದಲ್ಲಿದೆ."

"ಇನ್ನೇನು ಬೇಕು ನಿಂಗೆ? ಸರ್ಕಾರದ ಎದುರು ನಿನ್ನ ಪರ ನಿಂತಿದೀನಿ!"

"ನಿಂತಿದ್ದು ಸಾಕು. ಕೂತ್ಕೊಂಡು ಇನ್ನೊಂದ್ಸಲ ಒತ್ತು."

"ದುರಾಸೆ ಒಳ್ಳೇದಲ್ಲ ತಾಯಿ," ಎಂದು ಓರ್ವಿಲ್ ಬೇಸರದಿಂದ ಹೊರಟ. ಟಿಪ್ಸಿನ ಪುಟ ಖಾಲಿ ಕುರ್ಚಿಯನ್ನು ಕೇಳುತ್ತಾ ಉಳಿಯಿತು.

ಬುಧವಾರದ ಹೊತ್ತಿಗೆ ಎಲ್ಲರೂ ಒತ್ತುತ್ತಿದ್ದರು, ಎದ್ದು ಹೋಗುತ್ತಿದ್ದರು. ಬೆಂಬಲ ನೂರಕ್ಕೆ ತೊಂಬತ್ತನಾಲ್ಕು ಮುಟ್ಟಿತು; ಟಿಪ್ಸು ಯಾವುದನ್ನೂ ಮುಟ್ಟಲಿಲ್ಲ. ರೊವೀನಾಗೆ ಎರಡು ವರ್ಷದ ಮಗಳಿದ್ದಾಳೆ, ಜೂನಿ. ಅವಳನ್ನು ನೋಡಿಕೊಳ್ಳುವ ತೆಲ್ಮಾಗೆ ಪ್ರತಿ ಶುಕ್ರವಾರ ದುಡ್ಡು ಕೊಡಬೇಕು. ಕೊಡದಿದ್ದರೆ ಸೋಮವಾರ ತೆಲ್ಮಾಳ ಬಾಗಿಲು ತೆರೆಯುವುದಿಲ್ಲ. ಅದು ತೆರೆಯದಿದ್ದರೆ ರೊವೀನಾಗೆ ಕೆಲಸವಿಲ್ಲ. ಇದನ್ನು ಅವಳು ಮಾಲೀಕ ಹ್ಯಾಸ್ಕೆಲ್ ಅವರಿಗೆ ಹೇಳಿದಳು.

ಟಿಪ್ಸು ಸೇರಿಸಿಯೂ ಕನಿಷ್ಠ ಕೂಲಿಗೆ ಕಡಿಮೆ ಬಿದ್ದರೆ ಆ ಕೊರತೆಯನ್ನು ಮಾಲೀಕರೇ ತುಂಬಬೇಕೆಂಬ ಕಾನೂನು ಹ್ಯಾಸ್ಕೆಲ್ ಅವರಿಗೆ ಆಗ ನೆನಪಾಯಿತು. ಹಣೆ ಒರೆಸಿಕೊಂಡರು. ಸಂಜೆಯೊಳಗೆ ಗೋಡೆಗೆ ಪ್ರಕಟಣೆ ಬಿತ್ತು:

"ಒಂದು: ಗಿರಾಕಿಯ ಪ್ರತಿ ಬೆಂಬಲವನ್ನು ಮೂರು ಡಾಲರ್ ಟಿಪ್ಸ್ ಎಂದು ಪರಿಗಣಿಸಲಾಗುವುದು. ಎರಡು: ಸದರಿ ಟಿಪ್ಸಿನ ಮೇಲೆ ತೆರಿಗೆ ಇರುವುದಿಲ್ಲ. ಮೂರು: 'ಗೊತ್ತಿಲ್ಲ' ಎಂದವರ ಲೋಟಕ್ಕೆ ಎರಡನೇ ಸಲ ಕಾಫಿ ತುಂಬತಕ್ಕದ್ದಲ್ಲ."

ಪ್ರೆಂಟಿಸ್ ಅವರಿಗೆ ಕಣ್ಣು ತುಂಬಿ ಬಂತು. "ಜನ ಕೇಳಿದ್ದು ಇದನ್ನೇ ಅಲ್ವೇನ್ರಿ? ಈ ಹೋಟೆಲಲ್ಲಿ ಇವತ್ತಿಂದ ಟಿಪ್ಸಿಗೆ ಒಂದು ಸೆಂಟೂ ತೆರಿಗೆ ಇಲ್ಲ!"

ಶುಕ್ರವಾರ ರೊವೀನಾ ಯಂತ್ರದಿಂದ ಇನ್ನೂರ ಹನ್ನೊಂದು ಬೆಂಬಲದ ಚೀಟಿ ತೆಗೆಸಿಕೊಂಡು ತೆಲ್ಮಾಳ ಮನೆಗೆ ಹೋದಳು.

"ಏನೇ ಇದು?"

"ಟಿಪ್ಸು."

"ಇದಕ್ಕೆ ಅಂಗಡೀಲಿ ಡೈಪರ್ ಕೊಡ್ತಾರೇನೇ?"

"ಕೇಳಿದೆ. ಅವರೂ ಬಲವಾಗಿ ಬೆಂಬಲಿಸ್ತಾರಂತೆ."

ತೆಲ್ಮಾ ಜೂನಿಯ ಮೂಗು ಒರೆಸಿ ಮಗುವನ್ನು ರೊವೀನಾಳ ಕೈಗಿಟ್ಟಳು. "ಮಗು ಇರೋಳಿಗೆ ಕೆಲ್ಸ ಇರ್ಬೇಕು ಕಣೇ. ನಾನೂ ಬೆಂಬಲಿಸ್ತೀನಿ, ಬರ್ಕೋ," ಎಂದು ಬಾಗಿಲು ಹಾಕಿಕೊಂಡಳು.

ಸೋಮವಾರ ಜೂನಿ ಅಮ್ಮನ ಸೊಂಟದ ಮೇಲೆ ಕೆಲಸಕ್ಕೆ ಬಂದಳು. ಹ್ಯಾಸ್ಕೆಲ್ ಸಿಡುಕಿದರು. ಆದರೆ ಯಂತ್ರದ ಪಕ್ಕ ಕೂರಿಸಿದ ಮಗು, ಗಿರಾಕಿ ಕೈ ಚಾಚುವ ಮೊದಲೇ ಜಾಮು ಮೆತ್ತಿದ ಬೆರಳಿಂದ ಅತಿ ದೊಡ್ಡ ಗುಂಡಿ ಒತ್ತುವುದನ್ನು ಕಂಡರು. ಅತಿ ದೊಡ್ಡದು 'ಬಲವಾಗಿ ಬೆಂಬಲಿಸುತ್ತೇನೆ'. ಮಧ್ಯಾಹ್ನಕ್ಕೆ ಆ ದಿನದ ಬೆಂಬಲ ನೂರಕ್ಕೆ ನೂರಾಯಿತು. ಜೂನಿಯನ್ನು ಕೂಡಲೇ ನೇಮಿಸಿಕೊಳ್ಳಲಾಯಿತು. ಸಂಬಳವಿಲ್ಲ, ಟಿಪ್ಸಿದೆ. ರೊವೀನಾಳ ಕೆಲಸ ಹೀಗೆ ಉಳಿಯಿತು.

ವರದಿ ಮುಗಿಸುವಾಗ, ಬಡಿಸುವವರನ್ನು ಯಾರೂ ಕೇಳಿಲ್ಲವೆಂದು ಪ್ರೆಂಟಿಸ್ ಅವರಿಗೆ ಹೊಳೆಯಿತು. ಯಂತ್ರವನ್ನು ರೊವೀನಾಳ ಕಡೆ ತಿರುಗಿಸಿ, ಪದ್ಧತಿಯಂತೆ ತಾವು ಚಾವಣಿ ನೋಡಿದರು.

ರೊವೀನಾ ಬಹಳ ಹೊತ್ತು ಓದಿದಳು. ಆಮೇಲೆ 'ಗೊತ್ತಿಲ್ಲ' ಒತ್ತಿದಳು.

ಅವಳ ಲೋಟ ಖಾಲಿಯಾಗಿತ್ತು. ಕಾಫಿಯ ಹೂಜಿ ಅವಳ ಕೈಯಲ್ಲೇ ಇತ್ತು. ಒಮ್ಮೆ ಗೋಡೆಯ ಕಡೆ ನೋಡಿದಳು, ಮೂರನೇ ನಿಯಮ ಓದಿದಳು, ಹೂಜಿ ಎತ್ತಿಕೊಂಡು ಓರ್ವಿಲ್‌ನ ಮೇಜಿನ ಕಡೆ ಹೋದಳು.