ಮದ್ರಾಸಿಗೆ ಕಳಿಸಿದ ಫುಟ್ಬಾಲ್ ಪಟ್ಟಿ

ಫುಟ್ಬಾಲಿನ ಗಂಧಗಾಳಿ ಇಲ್ಲದವರೇ ಫುಟ್ಬಾಲ್ ಕಮಿಟಿಗೆ ಬಂದು ಕೂರುವುದು ನಮ್ಮ ಕುಂಬಳೆಯಲ್ಲಿ ಮಾಮೂಲು. ನಾವಿನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ನಾನು ಕಾಲೇಜೊಂದರ ಡ್ರಿಲ್ ಮಾಸ್ಟರ್. ದೇಶದ ಕಾಲೇಜು ತಂಡಗಳ ಪಟ್ಟಿ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಕರಾವಳಿಯ ನಾಲ್ಕು ತಂಡಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಕಮಿಟಿಯ ನಾವು ಮೂವರು ಬರೆದು ಕಳಿಸಬೇಕು. ನಾವು ಬರೆದ ಮೊದಲ ಹೆಸರಿಗೆ ಮಾತ್ರ ಆ ದೊಡ್ಡ ಪಟ್ಟಿಯಲ್ಲಿ ಜಾಗ. ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ಬಸ್ಸಿನ ಗೋಲು

ಒಬ್ಬ ಸದಸ್ಯರು ಬಂದ್ಯೋಡಿನ ಜವಳಿ ವ್ಯಾಪಾರಿ. ಅವರ ಬಸ್ಸು ಆಟದ ನಡುವೆಯೇ ಹೊರಡುತ್ತಿತ್ತು. ಒಮ್ಮೆ ಅವರು ಎದ್ದು ಹೋಗುವಾಗ ನಮ್ಮ ಹುಡುಗರು ಒಂದು ಗೋಲು ಹಿಂದಿದ್ದರು, ಆಮೇಲೆ ಮೂರು ಹೊಡೆದು ಗೆದ್ದರು. ಮೀಟಿಂಗಿನಲ್ಲಿ ಈ ಮಹಾಶಯರು ನಮಗೆ ಸೋಲು ಬರೆಸಿದರು. ನಾನು ರೆಫರಿಯ ಚೀಟಿ ತೋರಿಸಿದೆ, ಮೇಜು ಗುದ್ದಿದೆ.

ಅವರು ತಣ್ಣಗೆ ಹೇಳಿದರು: "ನಾನು ಕಣ್ಣಾರೆ ಕಂಡದ್ದು ಒಂದೇ ಗೋಲು. ಬಸ್ಸು ಹೋದ ಮೇಲೆ ಹೊಡೆದರೆ ನಾನೆಂತ ಮಾಡುವುದು ಮಾರಾಯ್ರೆ?"

೨. ಬೂಟು

ಅಧ್ಯಕ್ಷರು ಊರಿನ ಗುತ್ತಿನ ಮನೆಯ, ಅಂದರೆ ಹಳೇ ಜಮೀನ್ದಾರಿ ಮನೆತನದ, ಯಜಮಾನರು. ಆಟ ನಡೆಯುತ್ತಿದ್ದದ್ದು ಕೊಯ್ಲು ಮುಗಿದ ಅವರ ಗದ್ದೆಯಲ್ಲಿ, ಅಧ್ಯಕ್ಷ ಸ್ಥಾನಕ್ಕೆ ಅಷ್ಟೇ ಯೋಗ್ಯತೆ. ಅವರ ಸೋದರಳಿಯನ ಕಾಲೇಜಿನವರು ಬೂಟು ಹಾಕಿ ಆಡುತ್ತಿದ್ದರು, ನಮ್ಮವರದ್ದು ಬರಿಗಾಲು. ಆ ಬರಿಗಾಲಿನವರೇ ಬೂಟಿನವರಿಗೆ ನಾಲ್ಕು ಗೋಲು ಹೊಡೆದರು.

ಈಗೆಂತ ಹೇಳುತ್ತೀರಿ ಎಂದು ನಾನು ಅಧ್ಯಕ್ಷರನ್ನು ಕೆಣಕಿದೆ. ಬೂಟಿನವರು ಸೋತದ್ದು ದಾಕ್ಷಿಣ್ಯದಿಂದ, ಬಡಪಾಯಿಗಳ ಕಾಲು ಮೆಟ್ಟಬಾರದೆಂದು ಅವರು ದೂರ ದೂರ ನಿಂತಿದ್ದರು ಎಂದರು. ಹಾಗಾಗಿ ಸಭ್ಯತೆಗೆಂದು ಅವರಿಗೇ ಅಂಕ ಹೆಚ್ಚು.

೩. ಗುತ್ತಿನ ಕ್ರಮ

ನಮ್ಮ ಕ್ಯಾಪ್ಟನ್ ಕುಂಜತ್ತೂರಿನವನು. ಅದು ಅವನ ಕೊನೆಯ ವರ್ಷ. ಅವನ ತಂಡದ ಹೆಸರು ದೇಶದ ಪಟ್ಟಿಯಲ್ಲಿ ಬರಲೇಬೇಕೆಂದು ನನಗೆ ಹಟ. ಮೂರು ವಾರ ಜಗಳಾಡಿದೆ, ಗಂಟಲು ಕಟ್ಟಿತು. ಕಡೆಗೆ ಅಧ್ಯಕ್ಷರೇ ಸೋತು, "ಆಯಿತು ಮಾಸ್ಟ್ರೇ, ಅತಿ ದೊಡ್ಡ ಮರ್ಯಾದೆ ನಿಮ್ಮ ಹುಡುಗರಿಗೇ" ಎಂದು ಬರೆದರು. ಖುಷಿಯಲ್ಲಿ ನಾನು ಓದದೆ ಸಹಿ ಹಾಕಿದೆ.

ಮದ್ರಾಸಿನಿಂದ ಉತ್ತರ ಬಂತು. ದೇಶದ ಪಟ್ಟಿಯಲ್ಲಿದ್ದದ್ದು ಬೂಟಿನವರು. ನಮ್ಮವರ ಹೆಸರು ಅಧ್ಯಕ್ಷರು ಬರೆದ ಕಾಗದದಲ್ಲಿ ಕಟ್ಟಕಡೆಗೆ! ಓಡಿಹೋಗಿ ಬಾಯಿಗೆ ಬಂದಂತೆ ಬೈದೆ. ಅವರಿಗೆ ನಿಜಕ್ಕೂ ನೋವಾಯಿತು. "ಕಂಬಳದಲ್ಲಿ ಗುತ್ತಿನ ಕೋಣಗಳು ಗದ್ದೆಗಿಳಿಯುವುದು ಎಲ್ಲರೂ ಇಳಿದ ಮೇಲೆ. ಸ್ವಂತ ಸೋದರಳಿಯನನ್ನು ಮೊದಲಿಗೆ ತಳ್ಳಿ ನಿಮಗೆ ನನ್ನ ಮನೆಯ ಜಾಗ ಕೊಟ್ಟೆ. ಇನ್ನೆಂತ ಬೇಕು?" ಎಂದರು. ಈ ಕ್ರಮ ಅಜ್ಜನ ಕಾಲದ್ದು, ಮದ್ರಾಸಿಗಾಗಿ ಬದಲಾಗುವುದಿಲ್ಲ ಎಂದೂ ಸೇರಿಸಿದರು.

೪. ಮರುವರ್ಷ

ಕ್ಯಾಪ್ಟನ್ ಸುಮ್ಮನಿರಲಿಲ್ಲ. ಇನ್ನೊಂದು ವರ್ಷ ಆಡಬೇಕೆಂದು ಬೇಕೆಂದೇ ಪರೀಕ್ಷೆಯಲ್ಲಿ ಫೇಲಾದ. ನಾನೂ ಗುತ್ತಿನ ಕ್ರಮ ಕಲಿತಿದ್ದೆ. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡೇ ಮೀಟಿಂಗಿನಲ್ಲಿ ಕೈಮುಗಿದು, ನಮ್ಮ ಹುಡುಗರು ಶುದ್ಧ ಅಯೋಗ್ಯರು, ಚೆಂಡಿಗೂ ತೆಂಗಿನಕಾಯಿಗೂ ವ್ಯತ್ಯಾಸ ತಿಳಿಯದವರು, ಯಾವ ಮರ್ಯಾದೆಯೂ ಬೇಡ ಎಂದೆ. ಜವಳಿ ವ್ಯಾಪಾರಿ ಕೂಡಲೇ ಹೌದೆಂದರು, ಅವರಿಗೆ ಬಸ್ಸಿತ್ತು.

ಅಧ್ಯಕ್ಷರು ಬರೆದು ಕಾಗದವನ್ನು ನನ್ನ ಮುಂದಿಟ್ಟರು. ಈ ಸಲ ಓದಿದೆ. ನಮ್ಮವರು ಮತ್ತೆ ಕೊನೆಗೆ.

"ಹೋದ ವರ್ಷ ನೀವು ಅಷ್ಟು ಬೈದಿರಲ್ಲ, ಮದ್ರಾಸಿನ ಕ್ರಮ ಕಲಿತುಕೊಂಡೆ ಮಾಸ್ಟ್ರೇ. ಈಗ ಅಯೋಗ್ಯರೇ ಕೊನೆಗೆ" ಎಂದು ಹೆಮ್ಮೆಯಿಂದ ನಕ್ಕರು.

ಹೊರಗೆ ಕ್ಯಾಪ್ಟನ್ ಕಾಯುತ್ತಿದ್ದ. ಅವನು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು.

"ಸರ್, ಇನ್ನೊಂದು ವರ್ಷ ಫೇಲಾಗಬೇಕಾ?"