ಉಕ್ಕಿನ ಮೂತಿಯ ಬೂಟು

ಕಳೆದ ಚಳಿಗಾಲದಲ್ಲಿ ಸೇಫ್ಟಿ ಸಾಹೇಬರ ಮನೆಯ ಮೆಟ್ಟಿಲ ಮೇಲೆ ಅವರ ಹೆಂಡತಿಯ ಅಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಪಟ್ಟಿ ಬಿಚ್ಚಿದ್ದಾಯಿತು, ಬಿದ್ದವರು ಮರೆತೂ ಬಿಟ್ಟರು. ಮರೆಯದೇ ಉಳಿದವರು ಆಕೆಯ ಗಂಡ, ಅಂದರೆ ಸಾಹೇಬರ ಷಡ್ಡಕರು. "ಇಡೀ ಕಾರ್ಖಾನೆ ಜನದ ಕೈಕಾಲು ಕಾಯೋ ಮನುಷ್ಯ ಕಣ್ರೀ! ಅವನ ಮನೆ ಮೆಟ್ಟಿಲ ಮೇಲೇ ನನ್ನ ಹೆಂಡ್ತಿ ಕಾಲು ಮುರೀತು" ಎಂದು ಮದುವೆಮನೆ, ಸಾವಿನ ಮನೆ, ಕ್ಷೌರದಂಗಡಿ ಎನ್ನದೆ ವರ್ಷವಿಡೀ ಸಾರಿಕೊಂಡು ಬಂದರು.

ಸಾಹೇಬರು ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯಲ್ಲಿ ಸುರಕ್ಷತಾಧಿಕಾರಿ. (ಬಕೆಟ್ಟಿನಿಂದ ಏನು ಅಪಾಯ ಎಂದು ಅವರನ್ನು ಯಾರೂ ಕೇಳಬಾರದು. ಕೇಳಿದವರು ಊಟದ ಹೊತ್ತು ಕಳೆದುಕೊಂಡಿದ್ದಾರೆ.) ಅಂಥವರಿಗೆ ಈ ಮಾತು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ಹಿಮ ಬೀಳುವ ಈ ಬೆಟ್ಟದ ಊರಿಗೆ ಈಗ ಮತ್ತೆ ಚಳಿಗಾಲ ಬಂದಿದೆ. ಸೂರಿನಿಂದ ತೊಟ್ಟಿಕ್ಕಿದ ನೀರು ಮೆಟ್ಟಿಲ ಮೇಲೆ ಮತ್ತೆ ಮಂಜುಗಡ್ಡೆಯಾಗಿ ಕೂತಿದೆ. ಭಾನುವಾರ ಅಕ್ಕ-ಭಾವ ಮತ್ತೆ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ.

"ರೀ, ಆ ಹಾರೆ ತಗೊಂಡು ಗಡ್ಡೆ ಒಡೆದು, ಒಂದು ಬುಟ್ಟಿ ಬೂದಿ ಎರಚಿ ಅಂತ ಎಷ್ಟು ಸಲ ಹೇಳ್ಲಿ? ಸೌದೆನೂ ಕೊಟ್ಟಿಗೆಯಲ್ಲೇ ಬಿದ್ದಿದೆ" ಎಂದರು ಹೆಂಡತಿ.

"ಎಂಥ ಕಾಲಿನಲ್ಲಿ ಒಡೀಲಿ?" ಎಂದು ಸಾಹೇಬರು ತಮ್ಮ ಹಳೇ ಚಪ್ಪಲಿ ಎತ್ತಿ ತೋರಿಸಿದರು. "ಸರಿಯಾದ ರಕ್ಷಣಾ ಪಾದರಕ್ಷೆ ಇಲ್ಲದೆ ಯಾವ ಕೆಲಸವನ್ನೂ ಆರಂಭಿಸತಕ್ಕದ್ದಲ್ಲ."

"ಹೋದ ವರ್ಷದ ತನಕ ನಾನು ಇದೇ ಚಪ್ಪಲೀಲಿ ಒಡೀತಿದ್ದೆ. ಜ್ವರ ಬಂದು ಮಲಗಿದ ಒಂದು ದಿನ ನಿಮಗೆ ಬಿಟ್ಟೆ ನೋಡಿ, ಅಕ್ಕ ಬಿದ್ಲು. ಕೊಡಿ ಇಲ್ಲಿ, ನಾನೇ ಒಡೀತೀನಿ."

"ಖಬರ್‌ದಾರ್! ಮುಟ್ಟಕೂಡದು!"

ಬರೀ ಬಾಯಲ್ಲಿ ಹೇಳಿ ಬಿಡುವ ಜಾತಿಯಲ್ಲ ಅವರು. ಮರುದಿನ ಕಾರ್ಖಾನೆಯಿಂದ ಕೆಂಪು ಪಟ್ಟಿ ಮತ್ತು 'ಎಚ್ಚರಿಕೆ! ಅಪಾಯದ ಸ್ಥಳ. ಅನುಮತಿ ಇಲ್ಲದೆ ಪ್ರವೇಶವಿಲ್ಲ' ಎಂಬ ಹಳದಿ ಬೋರ್ಡನ್ನು ಎರವಲು ತಂದು ಮೆಟ್ಟಿಲಿಗೆ ಅಡ್ಡ ಕಟ್ಟಿದರು. ಅಂದಿನಿಂದ ಮನೆಯವರೆಲ್ಲ ಹಿತ್ತಿಲ ಬಾಗಿಲಿನಿಂದ ಕಳ್ಳರಂತೆ ಓಡಾಡತೊಡಗಿದರು. ಬೋರ್ಡು ಓದಿದ ಹಾಲಿನವನು ಹಾಲನ್ನು ಗೇಟಿನ ಕಂಬದ ಮೇಲಿಟ್ಟು ಹೋದ. ಅದನ್ನು ಬೆಕ್ಕು ಕುಡಿಯಿತು. ಬೆಕ್ಕಿಗೆ ಓದು ಬರುವುದಿಲ್ಲ.

ಇನ್ನು ಬೂಟಿನ ಬೇಟೆ. ಸಾಹೇಬರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಅಂಗಡಿಯಲ್ಲಿ ಅಟ್ಟೆ ತೆಳ್ಳಗಿತ್ತು. ಇನ್ನೊಂದರಲ್ಲಿ ಅಟ್ಟೆಯ ಹಲ್ಲು ಆಳವಾಗಿತ್ತು, ಆದರೆ ಬಣ್ಣ ಬದನೆಕಾಯಿಯದು. ಮತ್ತೊಂದರಲ್ಲಿ ಎಲ್ಲ ಸರಿ, ಆದರೆ ಬೆರಳಿನ ಮೇಲೆ ಉಕ್ಕಿನ ಚಿಪ್ಪಿರಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಅವರ ಕನಸಿನ ಬೂಟು ಸಿಕ್ಕಿತು. ಜೇನುಬಣ್ಣದ ಚರ್ಮ, ಮೀನಖಂಡ ಮುಚ್ಚುವ ಎತ್ತರ, ಹಳದಿ ಲೇಸು, ಮೂತಿಯಲ್ಲಿ ಅಪ್ಪಟ ಉಕ್ಕು. ಅಂಗಡಿಯವನು ಸಾಹೇಬರು ಏನೇ ಹೇಳಲಿ ತಲೆದೂಗುವ ಪೈಕಿ.

"ರಕ್ಷಣಾ ಬೂಟು ಕಾಲಿಗೆ ಚರ್ಮದ ಹಾಗೆ ಅಂಟಿರಬೇಕು. ಸಡಿಲವಾದ ಬೂಟೇ ಅಪಘಾತದ ಮೊದಲ ಮೆಟ್ಟಿಲು. ಇದು ನನ್ನದೇ ಕರಪತ್ರದಲ್ಲಿದೆ" ಎಂದರು ಸಾಹೇಬರು, ಕಚೇರಿಯ ತೆಳು ಕಾಲುಚೀಲದ ಮೇಲೆ ಅದನ್ನು ಎಳೆದುಕೊಳ್ಳುತ್ತ.

"ಚರ್ಮವೇ ಸಾರ್! ಹುಟ್ಟಿದಾಗಿನಿಂದ ಕಾಲಲ್ಲೇ ಇದ್ದ ಹಾಗಿದೆ" ಎಂದ ಅಂಗಡಿಯವನು.

"ಒಂದು ಅಳತೆ ದೊಡ್ಡದು ನೋಡೋದೇನೂ ಬೇಡ, ಅಲ್ವೇ?"

"ಛೇ ಛೇ! ಯಾತಕ್ಕೆ ಸಾರ್!"

ಬೂಟು ಮನೆಗೆ ಬಂತು. ಆದರೆ ಮೆಟ್ಟಿಲಿಗೆ ಹೋಗಲಿಲ್ಲ. ಹೊಸ ಬೂಟನ್ನು ಮೊದಲು ಪಳಗಿಸಬೇಕಂತೆ. ಸಾಹೇಬರು ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಧಡ್ ಧಡ್ ಎಂದು ನಡೆಯತೊಡಗಿದರು. ಕಪಾಟಿನ ಲೋಟಗಳು ಮಾತಾಡಿಕೊಂಡವು. ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳು ಕೂಗಿದಳು, "ಅಮ್ಮಾ, ಮನೆಯೊಳಗೆ ಯಾರೋ ಕುದುರೆ ಕಟ್ಟಿದಾರೆ!"

"ಕುದುರೆ ಆಗಿದ್ರೆ ಗಾಡಿನಾದ್ರೂ ಎಳೀತಿತ್ತು" ಎಂದಿತು ಅಡುಗೆಮನೆ.

ಆಮೇಲೆ ಅಲಂಕಾರ. ಕನ್ನಡಿಯ ಮುಂದೆ ನಿಂತು ಪ್ಯಾಂಟನ್ನು ಬೂಟಿನೊಳಗೆ ತುರುಕಿದರು, ಹೊರಗೆ ಬಿಟ್ಟರು, ಮತ್ತೆ ತುರುಕಿದರು. ಮನಸ್ಸು ಒಂದು ಕಡೆ ನಿಲ್ಲದೆ ಕೊನೆಗೆ ಮಗಳನ್ನೇ ಕರೆದರು.

"ಒಳಗೆ ಹಾಕಿದ್ರೆ ಬೆಂಕಿ ಆರಿಸೋಕೆ ಹೊರಟವರ ಥರ ಕಾಣ್ತೀರ ಅಪ್ಪ" ಎಂದಳು ಅವಳು.

"ಹೊರಗೆ?"

"ಹೊರಗೆ ಬಿಟ್ರೆ ಬೂಟು ಎಲ್ಲಿ ಕಾಣುತ್ತೆ? ಅಷ್ಟು ಹುಡುಕಿ ತಂದು!"

"ಅದೂ ಹೌದು. ಮಡಿಚಿದ್ರೆ?"

"ಮಡಿಚಿದ್ರೆ ಹೊಳೆ ದಾಟೋರ ಥರ. ಇರಲಿ, ಒಂದು ಕಾಲು ಒಳಗೆ, ಒಂದು ಹೊರಗೆ ಬಿಡಿ. ನೋಡಿದವರು ಅವರವರಿಗೆ ಬೇಕಾದ್ದು ನೋಡ್ಕೊಳ್ಲಿ."

ತಂದೆಗೆ ಇದು ಗೇಲಿ ಎಂದು ಹೊಳೆಯಲಿಲ್ಲ. ಹಾಗೇ ನಿಂತು ಎರಡೂ ಬದಿಯಿಂದ ನೋಡಿಕೊಂಡರು. ಅಷ್ಟರಲ್ಲಿ ಹಳದಿ ಲೇಸಿಗೆ ತಕ್ಕ ಟೋಪಿ ಇಲ್ಲ ಎಂಬ ಹೊಸ ಕೊರಗು ಹತ್ತಿತು. ಟೋಪಿ ಸಿಕ್ಕಿದ ಮೇಲೆ ಜೇನುಬಣ್ಣಕ್ಕೆ ನೀರಿನ ಕಲೆ ಬೀಳಬಹುದು ಎಂಬ ಭಯ. ಅದಕ್ಕೆ ಮೇಣ ಸವರಿದ್ದಾಯಿತು. ಸವರಿದ ಮೇಣ ಒಣಗಬೇಕು. ಒಣಗಿದ ಮೇಲೆ ಉಜ್ಜಬೇಕು. ಉಜ್ಜಿ ಹೊಳಪು ಬಂದ ಮೇಲೆ, ಇಂಥ ಬೂಟನ್ನು ಹಾಕಿಕೊಂಡು ಕೆಸರಿಗೆ ಇಳಿಯುವುದುಂಟೆ? ಬಚ್ಚಲ ಹತ್ತಿರದ ಪ್ಲಾಸ್ಟಿಕ್ ಚೀಲಗಳನ್ನು ಬೂಟಿನ ಮೇಲೆ ಕಟ್ಟಿ ನೋಡಿದರು.

"ಕಾಲು ಕಾಯೋಕೆ ಬೂಟು, ಬೂಟು ಕಾಯೋಕೆ ಚೀಲ. ಇನ್ನು ಚೀಲ ಕಾಯೋಕೆ ನಾನು ಹೋಗಿ ನಿಂತ್ಕೊಳ್ಲಾ?" ಎಂದರು ಹೆಂಡತಿ.

ಹೊರಗೆ ಗಡ್ಡೆ ದಪ್ಪವಾಗುತ್ತಲೇ ಹೋಯಿತು. ಸಾಹೇಬರು ಘಳಿಗೆಗೊಮ್ಮೆ ಕಿಟಕಿಗೆ ಹೋಗಿ ಅದನ್ನು ನೋಡುವರು, ತಿರುಗಿ ಬಂದು ಬೂಟು ನೋಡುವರು. ಕಿವಿಯಲ್ಲಿ ಮಾತ್ರ ಷಡ್ಡಕರ ನಗು.

ಹೀಗೆ ಭಾನುವಾರ ಬಂದೇ ಬಿಟ್ಟಿತು. ನೆಂಟರ ಬಸ್ಸು ಮಧ್ಯಾಹ್ನಕ್ಕೆ. ಬೆಳಿಗ್ಗೆಯೇ ಸಾಹೇಬರು ರಣರಂಗಕ್ಕೆ ಸಿದ್ಧರಾದರು. ಹೆಂಡತಿ ತಮ್ಮ ಕೈಯಾರೆ ಹೆಣೆದ ಉಣ್ಣೆಯ ಕಾಲುಚೀಲ ಎರಡು ಜೊತೆ ತಂದುಕೊಟ್ಟರು. "ಒಂದರ ಮೇಲೊಂದು ಹಾಕ್ಕೊಳ್ಳಿ. ಹೊರಗೆ ಮೂಗೇ ಉದುರಿ ಹೋಗೋ ಹಾಗಿದೆ."

ಸಾಹೇಬರು ಹಾಕಿಕೊಂಡರು. ಬೂಟಿಗೆ ಕಾಲಿಟ್ಟರು. ಕಾಲು ಅರ್ಧಕ್ಕೆ ನಿಂತಿತು. ಎದ್ದು ನಿಂತು ತುಳಿದರು. ಗೋಡೆ ಹಿಡಿದು ಒದ್ದರು. ಮಗಳು ಹಿಂದಿನಿಂದ ಬೂಟಿನ ಕಿವಿ ಹಿಡಿದು ಜಗ್ಗಿದಳು, ಹೆಂಡತಿ ಮುಂದಿನಿಂದ ಮೊಣಕಾಲು ಒತ್ತಿದರು. ಬೂಟು ಜಪ್ಪಯ್ಯ ಎನ್ನಲಿಲ್ಲ. ಚರ್ಮದ ಹಾಗೆ ಅಂಟಬೇಕು ಎಂದು ಆರಿಸಿ ತಂದಿದ್ದ ಬೂಟು. ಉಣ್ಣೆಗೆ ಅದರಲ್ಲಿ ಜಾಗ ಎಲ್ಲಿಂದ ಬರಬೇಕು?

"ಒಂದು ಜೊತೆ ತೆಗೆದು ನೋಡಿ."

ಒಂದು ಜೊತೆ ತೆಗೆದರೂ ಹೋಗಲಿಲ್ಲ.

"ಚಳಿಗಾಲಕ್ಕೆ ಅಂತ ಬೂಟು ತರೋಕೆ ಹೋದೋರು ಚಳಿಗಾಲದ ಕಾಲುಚೀಲ ಹಾಕ್ಕೊಂಡು ಹೋಗ್ಬೇಕು ಅಂತ ಹೊಳೀಲಿಲ್ವಾ? ಹಿಂದಕ್ಕಾದ್ರೂ ಕೊಟ್ಟು ಬನ್ನಿ."

"ಮೇಣ ಸವರಿದ ಬೂಟು ಯಾರು ತಗೋತಾರೆ?" ಎಂದು ಗೊಣಗಿದ ಸಾಹೇಬರು, ಕಚೇರಿಯ ಅದೇ ತೆಳು ಕಾಲುಚೀಲ ಹಾಕಿ, ಲೇಸು ಬಿಗಿದು, ಟೋಪಿ ಸರಿಮಾಡಿಕೊಂಡು, ಹಾರೆ ಹಿಡಿದು ಹೊರಟೇಬಿಟ್ಟರು. ತಾವೇ ಕಟ್ಟಿದ ಕೆಂಪು ಪಟ್ಟಿಯ ಅಡಿಯಲ್ಲಿ ತಲೆ ಬಗ್ಗಿಸಿ ನುಗ್ಗಿದರು. ಹಾರೆಯನ್ನು ಎತ್ತಿ ಹಾಕಿದರು. ಒಂದು ಚೂರು ಹಾರಿತು.

ಉಕ್ಕಿನ ಗುಣ ಅವರಿಗೆ ಆಗ ಗೊತ್ತಾಯಿತು. ಹೊರಗಿನ ಚಳಿಯನ್ನೆಲ್ಲ ಆ ಚಿಪ್ಪು ಹೀರಿ ನೇರವಾಗಿ ಬೆರಳುಗಳಿಗೆ ಬಡಿಸತೊಡಗಿತು. ಮೊದಲು ಬೆರಳು ಚುರುಗುಟ್ಟಿದವು, ಆಮೇಲೆ ಉರಿದವು, ಆಮೇಲೆ ಇವೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ಎರಡನೇ ಚೂರು ಹಾರುವ ಮೊದಲೇ ಸಾಹೇಬರು ಹಾರೆ ಬಿಸಾಕಿ ಒಳಗೋಡಿ, ಬೂಟು ಕಿತ್ತೆಸೆದು, ಒಲೆಯ ಬಾಯಿಗೆ ಎರಡೂ ಪಾದ ಹಿಡಿದು ಕೂತರು.

"ನನ್ನ ಬೆರಳು ಎಣಿಸಮ್ಮಾ, ಎಲ್ಲಾ ಇವೆಯಾ ನೋಡು" ಎಂದರು ಮಗಳಿಗೆ.

ಹೆಂಡತಿ ಕಿಟಕಿಯಿಂದ ಗಡ್ಡೆ ನೋಡಿದರು. ಗಡಿಯಾರ ನೋಡಿದರು. ಸಾಹೇಬರು ಬಿಟ್ಟ ಉಣ್ಣೆಯ ಕಾಲುಚೀಲ ಎರಡು ಜೊತೆಯನ್ನೂ ಹಾಕಿಕೊಂಡರು, ಬೂಟಿಗೆ ಕಾಲಿಟ್ಟರು. ಕಾಲು ಸೊಗಸಾಗಿ ಒಳಗೆ ಕೂತಿತು, ಅಳತೆ ಕೊಟ್ಟು ಹೊಲಿಸಿದ ಹಾಗೆ. ಲೇಸನ್ನು ಒಂದೇ ಸುತ್ತಿಗೆ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೋದರು.

ಧಣ್ ಧಣ್ ಎಂದು ಹಾರೆಯ ಸದ್ದು ಕೇಳಿತು. ಕೂತಲ್ಲಿ ಕೂರಲಾಗದ ಸಾಹೇಬರು ಬರಿಗಾಲಲ್ಲೇ ಕಿಟಕಿಗೆ ಓಡಿದರು. "ಬೆನ್ನು ನೆಟ್ಟಗೆ! ಮೊಣಕಾಲು ಬಗ್ಗಿಸು! ಹಾರೆಯ ದಿಕ್ಕು ದೇಹದಿಂದ ದೂರ!" ಎಂದು ಗಾಜಿನ ಹಿಂದಿನಿಂದ ಕೈ ಬೀಸಿದರು. ಹೆಂಡತಿ ಒಮ್ಮೆ ತಲೆಯೆತ್ತಿ, ಯಾರೋ ಟಾಟಾ ಮಾಡುತ್ತಿದ್ದಾರೆ ಎಂಬಂತೆ ಕೈ ಬೀಸಿ, ಮತ್ತೆ ಒಡೆಯತೊಡಗಿದರು. ಗಡ್ಡೆ ಹೋಯಿತು. ಬೂದಿ ಬಿತ್ತು. ಸೌದೆಯೂ ಒಳಗೆ ಬಂತು. ಕೆಂಪು ಪಟ್ಟಿ, ಬೋರ್ಡು ಎರಡನ್ನೂ ಕಿತ್ತು ತಂದು ಬಾಗಿಲ ಮೂಲೆಗೆ ಒರಗಿಸಿದರು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

ಅಕ್ಕ ಒಂದೊಂದೇ ಹೆಜ್ಜೆ ಅಳೆಯುತ್ತ, ದೇವರನ್ನು ನೆನೆಯುತ್ತ ಮೆಟ್ಟಿಲು ಹತ್ತಿದರು. ಏನೂ ಆಗಲಿಲ್ಲ. ಅವರ ಹಿಂದೆ ಬಂದ ಷಡ್ಡಕರ ಮುಖದಲ್ಲಿ ಏನೋ ಕೈತಪ್ಪಿದ ನಿರಾಸೆ. ಒಳಗೆ ಬಂದವರ ಕಣ್ಣು ನಾದಿನಿಯ ಕಾಲಿಗೆ ಬಿತ್ತು.

"ಏನಮ್ಮಾ, ಭಾರೀ ಬೂಟು!"

"ಇವ್ರೇ ತಂದದ್ದು ಭಾವ. ಊರಿನ ಅಂಗಡಿಯೆಲ್ಲಾ ಅಲೆದು ಆರಿಸಿದ್ರು" ಎಂದರು ಹೆಂಡತಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಕ್ಕ ಬಗ್ಗಿ ಬೂಟು ಮುಟ್ಟಿ ನೋಡಿದರು. ನೆಟ್ಟಗಾಗಿ ಗಂಡನ ಕಡೆ ತಿರುಗಿದರು. "ನೋಡಿದ್ರಾ? ಇದು ಹೆಂಡ್ತಿ ಕಾಲಿನ ಬಗ್ಗೆ ಕಾಳಜಿ ಅಂದ್ರೆ. ನಾನು ಕಾಲು ಮುರ್ಕೊಂಡು ಬಿದ್ದಾಗ ನೀವೇನು ತಂದ್ರಿ? ಒಂದು ಕೋಲು! ಅದೂ ಪಕ್ಕದ ಮನೆಯವರದು. ವರ್ಷ ಪೂರ್ತಿ ಇವರನ್ನ ಆಡಿಕೊಂಡಿದ್ದೇ ಬಂತು."

ಷಡ್ಡಕರು ತಲೆ ತಗ್ಗಿಸಿ ಹೆಂಡತಿಯ ಕಾಲನ್ನು ನೋಡಿದರು. ಅವರು ಹೀಗೆ ತಲೆ ತಗ್ಗಿಸಿದ್ದನ್ನು ಸಾಹೇಬರು ಈ ಜನ್ಮದಲ್ಲಿ ನೋಡಿದ್ದು ಅದೇ ಮೊದಲು. ಇಲ್ಲಿಗೆ ಸುಮ್ಮನಿದ್ದಿದ್ದರೆ ಅವರು ಗೆದ್ದಂತೆಯೇ. ಆದರೆ ಭಾಷಣ ಗಂಟಲಿಗೆ ಬಂದಾಗಿತ್ತು.

"ಅತ್ತಿಗೆ, ಗೃಹಸುರಕ್ಷತೆಯ ಮೂಲ ಗೃಹಿಣಿಯ ಪಾದ. ಈ ಬೂಟು ಇವಳಿಗೇ ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ!"

"ಹಾಗಾದ್ರೆ ಹಾಲ್‌ನಲ್ಲಿ ದಿನಾ ಧಡ್ ಧಡ್ ಅಂತ ನಡೀತಿದ್ದದ್ದು?" ಎಂದಳು ಮಗಳು.

"ಅಮ್ಮನಿಗೋಸ್ಕರ ಪಳಗಿಸ್ತಿದ್ದೆ!"

"ಹೌದೇನ್ರೀ?" ಎಂದರು ಹೆಂಡತಿ, ಬಹಳ ಮೃದುವಾಗಿ. (ಸಾಹೇಬರು ಎಚ್ಚರಿಕೆಯ ಬೋರ್ಡು ಹಾಕಬೇಕಾಗಿದ್ದ ಜಾಗ ಇದು.) "ಅಕ್ಕನ ಎದುರಿಗೇ ಹೇಳಿದ್ರಲ್ಲ, ನಂಗೂ ಸಮಾಧಾನ ಆಯ್ತು. ಇನ್ಮೇಲೆ ಬೂಟು ನಂದು, ಹೊರಗಿನ ಕೆಲಸ ನಂದು. ಒಳಗಿನದು ನಿಮ್ದು. ಆ ಪಾತ್ರೆಗಳು ಬೆಳಗಿನಿಂದ ಹಾಗೇ ಬಿದ್ದಿವೆ. ಬಾ ಅಕ್ಕ, ಹಿತ್ತಿಲು ತೋರಿಸ್ತೀನಿ."

ಷಡ್ಡಕರ ಮುಖಕ್ಕೆ ಬಣ್ಣ ಮರಳಿತು. ಅವರು ಕುರ್ಚಿಯನ್ನು ಎಳೆದು, ಅಡುಗೆಮನೆ ಚೆನ್ನಾಗಿ ಕಾಣುವ ಕಡೆಗೆ ಹಾಕಿಕೊಂಡು ಕೂತರು.

ಸಾಹೇಬರು ಹೆಂಡತಿಯ ಹಳೇ ಚಪ್ಪಲಿ ಮೆಟ್ಟಿ, ಹಿಮ್ಮಡಿ ಹೊರಗೆ ಚಾಚಿಕೊಂಡು, ತೊಟ್ಟಿಯ ಮುಂದೆ ನಿಂತರು. ಲೋಟ ತೊಳೆದರು, ತಟ್ಟೆ ತೊಳೆದರು. ಆಮೇಲೆ ಸೋಪು ಹತ್ತಿದ ಕೈಯಿಂದ ಮನೆಯ ಅತಿ ದೊಡ್ಡ ಕಬ್ಬಿಣದ ಬಾಣಲೆಯನ್ನು ಎತ್ತಿದರು. ಬೆನ್ನು ನೆಟ್ಟಗಿತ್ತು. ಮೊಣಕಾಲು ಬಗ್ಗಿತ್ತು. ಬಾಣಲೆ ಜಾರಿ ಹೆಬ್ಬೆರಳ ಮೇಲೆ ಬಿತ್ತು.

ಆ ಕೂಗಿಗೆ ಕಂಬದ ಮೇಲಿನ ಬೆಕ್ಕು ಹಾಲು ಬಿಟ್ಟು ಓಡಿತು. ಷಡ್ಡಕರು ಎದ್ದು ಬಂದು ಹೆಬ್ಬೆರಳನ್ನು ಕಣ್ತುಂಬ ನೋಡಿದರು. ಮೂಲೆಗೆ ಒರಗಿಸಿದ್ದ ಹಳದಿ ಬೋರ್ಡನ್ನು ಎತ್ತಿ ತಂದು, ಅಡುಗೆಮನೆಯ ಬಾಗಿಲಿಗೆ ತೂಗುಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ಓರೆಯಾಗಿದೆಯೇ ಎಂದು ಪರಿಶೀಲಿಸಿದರು.

ಹಿತ್ತಿಲಿನಿಂದ ಧಡ್ ಧಡ್ ಎಂದು ಬಂದ ಹೆಂಡತಿ, ಬಾಗಿಲಲ್ಲೇ ನಿಂತು ಇಣುಕಿದರು. ಬದನೆಕಾಯಿ ಬಣ್ಣಕ್ಕೆ ತಿರುಗಿ ದಪ್ಪಗಾಗುತ್ತಿದ್ದ ಬೆರಳನ್ನು ನೋಡಿ ಪಾಪ ಎನಿಸಿತು.

"ಅಯ್ಯೋ, ಎಷ್ಟು ಊದಿದೆಯಲ್ರೀ!" ಎಂದರು. ತಮ್ಮ ಕಾಲಿನ ಬೂಟನ್ನೊಮ್ಮೆ, ಗಂಡನ ಕಾಲನ್ನೊಮ್ಮೆ ನೋಡಿದರು. "ಹೋಗ್ಲಿ ಬಿಡಿ. ಇನ್ನಂತೂ ಇದು ನಿಮ್ಮ ಕಾಲಿಗೆ ಹಿಡಿಸೋ ಹಾಗೇ ಇಲ್ಲ."