ಗುಂಡಿ ಹಾಕಿಕೊಡಲಾಗುವುದು

ಕಾರಿನ ಕೀಲಿಕೈಗೆ ರಬ್ಬರ್ ಗುಂಡಿ ಹಾಕುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ಅಂಗಡಿಯಲ್ಲಿ ಕೂಡುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚಿಕ್ಕೋಡಿ ಕೋರ್ಟಿನ ಹಿಂದಿನ ಓಣಿಯ ನಮ್ಮ ಅಂಗಡಿಯಲ್ಲಿ ವಾರಕ್ಕೊಂದಾದರೂ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯುವಾಗ ಸಿಟ್ಟು ಬರುತ್ತದೆ, ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ನಗು ಬರುತ್ತದೆ.

ಅಂಗಡಿ ನಮ್ಮ ಮಾವನವರದು. ಹುಡುಗರಾಗಿದ್ದಾಗಿನಿಂದ ಕೀಲಿ ರಿಪೇರಿ ಮಾಡಿದವರು. ನಮ್ಮ ಕಡೆ ಕೀಲಿ ಅಂದರೆ ಬೀಗ, ಅದನ್ನು ತೆಗೆಯುವುದು ಕೀಲಿಕೈ. ಊರೆಲ್ಲ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತದೆ, ಅವರ ನಿಜವಾದ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಅವರ ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚುವ ಮಾತು ಬಂತು. ನನ್ನ ಗಂಡನಿಗೆ ಸಕ್ಕರೆ ಕಾರ್ಖಾನೆಯ ಪಾಳಿ ಬಿಟ್ಟು ಬರಲಾಗುವುದಿಲ್ಲ. ಮನೆಯ ಟಿವಿ ರಿಮೋಟು ಬಿಚ್ಚಿ ಸರಿಮಾಡಿದ ಧೈರ್ಯದ ಮೇಲೆ, ನಾನು ಕೂಡುತ್ತೇನೆ ಅಂದೆ.

ಮಾವ ಬೇಡ ಅನ್ನಲಿಲ್ಲ. ದೊಡ್ಡ ಮನಸ್ಸು. ಆದರೆ ನಾನು ಮೊದಲನೇ ಸಲ ಒಂದು ಕಾರಿನ ಕೀಲಿಕೈ ಬಿಚ್ಚಿ, ಸವೆದ ರಬ್ಬರ್ ಕಿತ್ತು, ಹೊಸದು ಕೂರಿಸಿ ತೋರಿಸಿದಾಗ ಅದನ್ನು ಬೆರಳಿಂದ ಒತ್ತಿ ನೋಡಿ ಹೇಳಿದರು, “ಛಲೋ ಆಗೈತಿ. ಆದ್ರ ಕೀಲಿ ಅಂದ್ರ ಕಬ್ಬಿಣ ಯವ್ವಾ. ರಬ್ಬರ್ ಹಚ್ಚೋದು ಮೇಸ್ತ್ರಿ ಕೆಲಸ ಅಲ್ಲ.”

ಆವತ್ತೇ ನನ್ನ ಮನಸ್ಸಿನಲ್ಲಿ ಒಂದು ಹಟ ಕೂತಿತು. ಊರಿನವರು ಏನಂತಾದರೂ ಕರೆಯಲಿ, ಈ ಮನುಷ್ಯನ ಬಾಯಿಂದ ಒಂದೇ ಒಂದು ಸಲ ನಾನು ಮೇಸ್ತ್ರಿ ಅನ್ನಿಸಿಕೊಳ್ಳಬೇಕು. ಸಣ್ಣ ಆಸೆ, ನನಗೆ ಗೊತ್ತು. ಆದರೂ ಹೊಸ ಸೀರೆ ಬೇಕು ಅನ್ನುವ ಆಸೆಗಿಂತ ಇದು ಹೆಚ್ಚು ಕಾಡಿತು.

೧. ಬೋರ್ಡು

ಮೊದಲು ಮಾಡಿದ ಕೆಲಸ ಬೋರ್ಡು ಬರೆಸಿದ್ದು. “ಕಾರಿನ ಕೀಲಿಕೈ ರಿಮೋಟಿಗೆ ಗುಂಡಿ ಹಾಕಿಕೊಡಲಾಗುವುದು” ಎಂದು ಚೀಟಿಯಲ್ಲಿ ಬರೆದು ಪೇಂಟರಿಗೆ ಕೊಟ್ಟೆ. ಪೇಂಟರು ಕಲಾವಿದರು. ಅವರಿಗೆ ಯಾವ ಮಾತು ಚಂದ ಕಂಡಿತೋ ಅದನ್ನು ದೊಡ್ಡದು ಮಾಡಿದರು. “ಗುಂಡಿ ಹಾಕಿಕೊಡಲಾಗುವುದು” ಓಣಿಯ ತುದಿಯಿಂದಲೂ ಕಾಣುತ್ತಿತ್ತು. ಮೇಲಿನ ಸಾಲನ್ನು ಓದಬೇಕಾದರೆ ಕೆಳಗೆ ನಿಂತು ಕತ್ತು ಮೇಲೆತ್ತಬೇಕು.

ಎರಡನೇ ದಿನ ಒಬ್ಬ ವಕೀಲರು ಓಡಿ ಬಂದರು. ಕರಿ ಕೋಟು ಬಿಚ್ಚಿ ನನ್ನ ಮುಂದೆ ಹಾಕಿ, “ಲಗೂನ ಒಂದ ಗುಂಡಿ ಹಾಕ್ರಿ, ಜಡ್ಜ್ ಸಾಹೇಬ್ರು ಬಂದ ಕುಂತಾರ” ಅಂದರು. ಇದು ಟೇಲರ್ ಅಂಗಡಿ ಅಲ್ರಿ ಅಂದೆ. ಅವರು ಹೊರಗೆ ಹೋಗಿ ಬೋರ್ಡು ಓದಿ ಮತ್ತೆ ಒಳಗೆ ಬಂದರು. “ಬೋರ್ಡಿನ್ಯಾಗ ಬರದೀರಿ. ಬರದ ಮ್ಯಾಲೆ ಹಾಕಬೇಕು” ಎಂದು ವಾದ ಶುರು ಮಾಡಿದರು. ಆ ವಾದ ಮುಗಿಯುವ ಹೊತ್ತಿಗೆ ಅತ್ತ ಕೋರ್ಟಿನಲ್ಲಿ ಅವರ ಕೇಸಿಗೆ ಮುಂದಿನ ತಾರೀಖು ಬಿದ್ದಿತ್ತು.

ಆ ವಾರವೇ ಅಥಣಿ ಕಡೆಯ ಒಬ್ಬ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ದ್ರಾಕ್ಷಿ ತೋಟದವರು. “ಯಕ್ಕಾ, ಗುಂಡಿ ಎಷ್ಟ ಆಳ ಹಾಕ್ತೀರಿ?” ಎಂದು ಕೇಳಿದರು. ಎರಡು ಮಿಲಿಮೀಟರ್ ಅಂದೆ. ಅವರು ಎರಡು ಬೆರಳಿನ ನಡುವೆ ಅಷ್ಟು ಅಳತೆ ಹಿಡಿದು ನೋಡಿ, “ಅಷ್ಟರಾಗ ಕಂಬ ನಿಂದ್ರತೈತೇನು?” ಅಂದರು. ತೋಟಕ್ಕೆ ಕಲ್ಲುಕಂಬ ನಿಲ್ಲಿಸಲು ಗುಂಡಿ ತೋಡುವವರನ್ನು ಹುಡುಕಿಕೊಂಡು ಬಂದಿದ್ದರು. ನಾನು ವಿವರಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು, ಆದರೆ ಕಣ್ಣು ನನ್ನ ಕೈಯೊಳಗಿನ ಚಿಮಟದ ಮೇಲೇ ಇತ್ತು. ಹೊರಡುವಾಗ ಮರುಕದಿಂದ ಹೇಳಿದರು, “ಅದರಾಗ ತೋಡಾಕ ನಿಂತ್ರ ನಿಮ್ಮ ಜೀವನಾ ಹೋಗತೈತಿ ನೋಡ್ರಿ.”

೨. ಮೇಸ್ತ್ರಿ ಎಲ್ಲಿ ಅದಾರ?

ಅಂಗಡಿಗೆ ಬಂದವರೆಲ್ಲ ಕೇಳುವ ಮೊದಲ ಮಾತು ಇದು. ನಾನು ಕಣ್ಣೆದುರಿಗೆ ಕೂತಿರುತ್ತೇನೆ, ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತದೆ, ಮುಂದೆ ಬಿಚ್ಚಿಟ್ಟ ರಿಮೋಟು ಇರುತ್ತದೆ. ಆದರೂ ನನ್ನ ತಲೆಯ ಮೇಲಿಂದ ಕಣ್ಣು ಹಾಯಿಸಿ ಒಳಗೆ ನೋಡುತ್ತಾರೆ. ಒಳಗೆ ಮೂಲೆಯ ಕುರ್ಚಿಯಲ್ಲಿ ಮಾವ ಊಟ ಮಾಡಿ ಮಲಗಿರುತ್ತಾರೆ. ಕೂತೇ ಮಲಗುವುದು ಅವರ ರೂಢಿ. ನೋಡಿದವರಿಗೆ ಏನೋ ಯೋಚನೆ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ರಾಯಬಾಗದಿಂದ ಬಂದ ಒಬ್ಬರು ಹೀಗೇ ಕೇಳಿದರು. ಕೊಡ್ರಿ ಇಲ್ಲಿ, ಎರಡ ನಿಮಿಷ ಕೂಡ್ರಿ ಅಂದೆ. ಅರ್ಧ ಮನಸ್ಸಿನಿಂದ ಕೊಟ್ಟರು. ಬಾಗಿಲು ತೆಗೆಯುವ ಗುಂಡಿ ಪೂರ್ತಿ ಸವೆದು, ಹೆಬ್ಬೆರಳ ಉಗುರು ಬಿದ್ದ ಜಾಗದಲ್ಲಿ ತಗ್ಗು ಬಿದ್ದಿತ್ತು. ಗುಂಡಿ ಇದ್ದಲ್ಲಿ ಗುಂಡಿ ಬೀಳುವುದು ಕನ್ನಡದಲ್ಲಿ ಮಾತ್ರ ಸಾಧ್ಯ ಎಂದು ನನಗೆ ಆಗಾಗ ಅನ್ನಿಸುತ್ತದೆ. ಬಿಚ್ಚಿದೆ, ಒಳಗಿನ ಧೂಳು ಒರೆಸಿದೆ, ಹೊಸ ರಬ್ಬರ್ ಕೂರಿಸಿದೆ, ಮುಚ್ಚಿ ಕೊಟ್ಟೆ. ಅವರು ಹೊರಗೆ ಹೋಗಿ ಒತ್ತಿ ನೋಡಿದರು. ಕಾರು ಕೂಗಿತು, ಇವರ ಮುಖ ಅರಳಿತು. ನಾನೂ ಮುಖ ಅರಳಿಸಿಕೊಂಡು ಕೂತೆ.

ಅವರು ನನ್ನನ್ನು ದಾಟಿ ಸೀದಾ ಒಳಗೆ ಹೋಗಿ ಮಾವನ ಕಾಲು ಮುಟ್ಟಿದರು. “ಭಾಳ ಛಲೋ ಮಾಡಿದ್ರಿ ಮೇಸ್ತ್ರಿ.” ಮಾವ ಅರೆಗಣ್ಣು ತೆರೆದು, “ಇರ್ಲಿ ತಗೋರಿ, ಜ್ವಾಪಾನ ಮಾಡ್ಕೋರಿ” ಅಂದು ಮತ್ತೆ ಕಣ್ಣು ಮುಚ್ಚಿದರು.

ನನಗೆ ನಿಜವಾಗಿ ನೋವಾಯಿತು. ಗಿರಾಕಿಯಿಂದ ಅಲ್ಲ, ಆ ಅರೆಗಣ್ಣಿನಿಂದ. “ನಮ್ಮ ಸೊಸಿ ಮಾಡ್ಯಾಳ” ಅನ್ನಲು ಎಷ್ಟು ಉಸಿರು ಬೇಕು? ಗಿರಾಕಿ ಮಾತ್ರ ಹೊರಗೆ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದುದು ಕೇಳಿಸಿತು, “ನಿದ್ದ್ಯಾಗ ಇಷ್ಟ ಛಲೋ ಮಾಡ್ತಾರ ಅಂದ್ರ, ಎಚ್ಚರಿದ್ದಾಗ ಹ್ಯಾಂಗ ಮಾಡಿರಬೇಕ್ರಿ!”

೩. ಕಾಗವಾಡದ ಮಾಸ್ತರರು

ಸವೆದ ಗುಂಡಿ ನೋಡಿದರೆ ಮನುಷ್ಯ ಸ್ವಲ್ಪ ತಿಳಿಯುತ್ತಾನೆ. ಅವಸರದವರಿಗೆ ತೆಗೆಯುವ ಗುಂಡಿ ಸವೆದಿರುತ್ತದೆ. ಕಾಗವಾಡದಿಂದ ಬಂದ ರಿಟೈರ್ ಮಾಸ್ತರರೊಬ್ಬರದು ಲಾಕ್ ಹಾಕುವ ಗುಂಡಿ ಮಾತ್ರ ತೂತಾಗಿತ್ತು, ಉಳಿದದ್ದೆಲ್ಲ ಹೊಸದರ ಹಾಗೇ ಇತ್ತು. ಕಾರು ಲಾಕ್ ಮಾಡಿ ಹತ್ತು ಹೆಜ್ಜೆ ಹೋಗುತ್ತಾರಂತೆ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಾರಂತೆ, ಮತ್ತೆ ಒತ್ತುತ್ತಾರಂತೆ. “ಸಾಲ್ಯಾಗಿಂದ ಬಂದ ಚಟ ಯವ್ವಾ. ಮಕ್ಕಳ ಹಾಜರಿ ಎರಡ ಸಲ ತಗೋತಿದ್ದೆ” ಅಂದರು.

ನನಗೆ ಅವರ ಮೇಲೆ ಪ್ರೀತಿ ಬಂತು. ಒಂದು ಕೆಲಸ ಸರಿಯಾಗಿ ಆಗಿದೆ ಎಂದು ಯಾರಾದರೂ ಹೇಳಬೇಕು, ಇಲ್ಲದಿದ್ದರೆ ಮನಸ್ಸು ತಿರುಗಿ ತಿರುಗಿ ಅಲ್ಲಿಗೇ ಹೋಗುತ್ತದೆ. ಅವರಿಗೆ ಕಾರು ಹೇಳಬೇಕು, ನನಗೆ ಮಾವ ಹೇಳಬೇಕು. ಚೆನ್ನಾಗಿ ಗಟ್ಟಿ ರಬ್ಬರ್ ಆರಿಸಿ ಹಾಕಿಕೊಟ್ಟೆ. ಸಂತೋಷದಿಂದ ಹೋದರು.

ಅರ್ಧ ತಾಸಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಮತ್ತೆ ಬಂದರು. ಏನಾಯ್ತ್ರಿ ಸರ್, ಕೆಲಸ ಮಾಡವಲ್ದೇನು ಅಂದೆ. “ಮಾಡತೈತಿ, ಮಾಡತೈತಿ” ಅಂದರು. ಸಂಕೋಚದಿಂದ ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದರು, “ಮುಚ್ಚೂಕಿಂತ ಮೊದಲ ನೀ ಒಳಗ ಹೊಸಾ ರಬ್ಬರ್ ಹಾಕಿದ್ಯೋ ಇಲ್ಲೋ?”

೪. ಕಿಲ್ಲಿಯೋ ಕೀಲಿಯೋ

ಇನ್ನು ನಿಪ್ಪಾಣಿ ರಸ್ತೆಯ ಮದುವೆಯ ಮಾತು.

ನಮ್ಮ ಕೀಲಿ ಅಂದರೆ ಬೀಗ ಎಂದು ಆಗಲೇ ಹೇಳಿದೆ. ಮರಾಠಿಯಲ್ಲಿ ಕಿಲ್ಲಿ ಅಂದರೆ ಕೀಲಿಕೈ. ಗಡಿಯ ಮಂದಿಗೆ ಎರಡೂ ಭಾಷೆ ಬರುವುದರಿಂದ ಎದುರುಬದುರು ಕೂತರೆ ಗೊಂದಲವಿಲ್ಲ. ಫೋನಿನಲ್ಲಿ, ಹಿಂದೆ ಬ್ಯಾಂಡ್ ಬಾರಿಸುತ್ತಿರುವಾಗ ಮಾತ್ರ ಕಷ್ಟ.

ಆ ದಿನ ಮುಂಜಾನೆ ಫೋನು ಎತ್ತಿದವರು ಮಾವ. ಆ ಕಡೆಯಿಂದ ಒಬ್ಬರು ಕೂಗುತ್ತಿದ್ದರು, “ಮೇಸ್ತ್ರಿ, ಲೌಕರ್ ಬರ್ರಿ! ಕಾರಿನ ಕಿಲ್ಲಿ ಬಂದ್ ಪಡ್ಲಿ!” ಬೇಗ ಬನ್ನಿ, ಕೀಲಿಕೈ ಕೆಟ್ಟಿದೆ ಎಂದು ಅವರು ಹೇಳಿದ್ದು. ಕೀಲಿ ಬಂದ್ ಆಗಿ ಕೂತಿದೆ ಎಂದು ಮಾವ ಕೇಳಿಸಿಕೊಂಡದ್ದು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂತು. ಕಬ್ಬಿಣದ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, “ಇದು ನನ್ನ ಕೆಲಸ ಯವ್ವಾ. ನೀ ಬರೇ ಸ್ಕೂಟಿ ಹೊಡಿ. ನಿನ್ನ ರಬ್ಬರ್ ಡಬ್ಬಿ ಇಲ್ಲೇ ಇರ್ಲಿ” ಅಂದರು. ಡಬ್ಬಿ ಅಲ್ಲೇ ಉಳಿಯಿತು.

ಮಂಗಲ ಕಾರ್ಯಾಲಯದ ಮುಂದೆ ಹೂ ಕಟ್ಟಿದ ಬಿಳಿ ಕಾರು ನಿಂತಿತ್ತು. ಸುತ್ತ ಜನ. ಗಾಜಿನೊಳಗೆ, ಸೀಟಿನ ಮೇಲೆ ವರನ ಬಾಸಿಂಗ ಕಾಣುತ್ತಿತ್ತು. ಬಾಸಿಂಗವಿಲ್ಲದ ವರ ಹೊರಗೆ ನಿಂತು ಅದನ್ನೇ ನೋಡುತ್ತಿದ್ದ. ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇತ್ತು. ತಲೆಗೆ ಫೇಟಾ ಸುತ್ತಿದ ವರನ ಸೋದರಮಾವ ಓಡಿ ಬಂದು ಕೀಲಿಕೈ ನಮ್ಮ ಮುಂದೆ ಹಿಡಿದರು. ಅದರ ರಿಮೋಟಿನಲ್ಲಿ ಗುಂಡಿಯ ಜಾಗದಲ್ಲಿ ಬರೀ ತೂತು. ಅವರೇ ಫೋನು ಮಾಡಿದವರು. “ಕೀಲಿ ಛಲೋ ಐತ್ರಿ ಮೇಸ್ತ್ರಿ. ಕಿಲ್ಲಿ ಸತ್ತೈತಿ!”

ಮಾವ ತಮ್ಮ ಚೀಲ ನೋಡಿಕೊಂಡರು. ನಾನು ನನ್ನ ಖಾಲಿ ಕೈ ನೋಡಿಕೊಂಡೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆದರೆ ಮಾವ ಮಾವನೇ. ಕೀಲಿಕೈ ಸವರಿ ನೋಡಿ, “ಇದಕ್ಕ ಹಲ್ಲ ಅದಾವಲ್ಲ? ಹಲ್ಲಿದ್ದ ಮ್ಯಾಲೆ ಬಾಗಿಲದಾಗ ಹಾಕಿ ತಿರುವ್ರಿ” ಅಂದರು. ಡ್ರೈವರ್, “ನೋಡೇನ್ರಿ, ತಿರಗಂಗಿಲ್ಲ” ಅಂದ. ಕಾರು ತಂದಾಗಿನಿಂದ ಆ ತೂತಿಗೆ ಯಾರೂ ಕೀಲಿಕೈ ಹಾಕಿರಲಿಲ್ಲ, ಒಳಗೆ ಧೂಳು ಗಟ್ಟಿಯಾಗಿತ್ತು. ಮಾವ ಎರಡು ಹನಿ ಎಣ್ಣೆ ಬಿಟ್ಟರು. ಬಾಗಿಲಿಗೆ ಕಿವಿ ಹಚ್ಚಿದರು. ಒಳಗೆ, ಹೊರಗೆ, ಅರ್ಧ ಸುತ್ತು, ಮತ್ತೆ ಹಿಂದಕ್ಕೆ. ಅವರ ಮಂಜುಗಣ್ಣು ಮುಚ್ಚಿಯೇ ಇತ್ತು. ಆ ಬೆರಳುಗಳನ್ನು ನೋಡುತ್ತ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಟಕ್ ಅಂತು. ಬಾಗಿಲು ತೆರೆಯಿತು. ಜನ ಚಪ್ಪಾಳೆ ಹೊಡೆದರು. “ರಿಮೋಟ್ ಇಲ್ಲದ ತಗದ್ರಲೇ!” ಎಂದು ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಮಾವ ನನ್ನ ಕಡೆ ತಿರುಗಿ, ಕಬ್ಬಿಣ ಅಂದರೆ ಏನು ಅಂತ ಈಗ ತಿಳೀತಲ್ಲ ಅನ್ನುವ ಹಾಗೆ ಹುಬ್ಬು ಹಾರಿಸಿದರು.

ಆಗ ಕಾರು ಬಾಯಿ ತೆಗೆಯಿತು.

ಕಳ್ಳರ ಭಯಕ್ಕೆ ಅದಕ್ಕೊಂದು ಸೈರನ್ನು ಬೇರೆ ಹಾಕಿಸಿದ್ದರು. ರಿಮೋಟಿನ ಗುಂಡಿ ಒತ್ತಿದರೆ ಮಾತ್ರ ಸುಮ್ಮನಾಗುವ ಜಾತಿ. ಬ್ಯಾಂಡಿನವರು ಸೋತು ನಿಲ್ಲಿಸಿದರು. ಬಾಸಿಂಗವೇನೋ ಹೊರಗೆ ಬಂತು, ಆದರೆ ಕಾರ್ಯಾಲಯದ ಒಳಗೆ, ಮುಹೂರ್ತ ಮೀರಬಾರದೆಂದು ಶುರು ಮಾಡಿದ್ದ ಭಟ್ಟರ ತುಟಿ ಅಲುಗಾಡುವುದು ಕಾಣುತ್ತಿತ್ತೇ ಹೊರತು ಒಂದು ಮಂತ್ರವೂ ಕೇಳುತ್ತಿರಲಿಲ್ಲ. ಅಕ್ಕಿಕಾಳು ಯಾವಾಗ ಹಾಕಬೇಕೋ ಯಾರಿಗೂ ತಿಳಿಯದು. ಅಷ್ಟರಲ್ಲಿ ಸೋದರಮಾವ ಕಾರ್ಯಾಲಯದ ಬಾಗಿಲಲ್ಲಿ ನಿಂತು ಡ್ರೈವರನಿಗೆ ಬೈಯಲು ಕೈ ಮೇಲೆತ್ತಿದರು. ಅದೇ ಸನ್ನೆ ಎಂದು ತಿಳಿದು ಒಳಗಿದ್ದ ಇಡೀ ಸಭೆ ಅಕ್ಕಿಕಾಳು ಎರಚಿಬಿಟ್ಟಿತು. ವರ ಇನ್ನೂ ನಮ್ಮ ಹತ್ತಿರವೇ ನಿಂತಿದ್ದ. ಅಕ್ಕಿಕಾಳೆಲ್ಲ ಭಟ್ಟರ ಮೇಲೆ ಬಿದ್ದವು.

ಮಾವ ನನ್ನ ಹತ್ತಿರ ಬಂದರು. ಬಾಗಿಲಿಂದ ಕಿತ್ತ ಕೀಲಿಕೈಯನ್ನು ನನ್ನ ಕೈಗಿಟ್ಟರು. “ಯವ್ವಾ, ಏನರ ಮಾಡ ಬೇ” ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೆಲಸಕ್ಕಾಗಿ ಕೇಳಿಕೊಂಡದ್ದು ಅದೇ ಮೊದಲು.

ರಿಮೋಟಿನ ತೂತಿನೊಳಗೆ ಕೆಳಗೆ ಸಣ್ಣ ಸ್ವಿಚ್ಚು ಕಾಣುತ್ತಿತ್ತು, ಬೆರಳು ಮುಟ್ಟುತ್ತಿರಲಿಲ್ಲ. ಸೀರೆಯ ಪಿನ್ನಿನಿಂದ ಒತ್ತಿದೆ, ಜಾರಿತು. ಮತ್ತೊಮ್ಮೆ ಒತ್ತಿದೆ, ಮತ್ತೆ ಜಾರಿತು. ಅದರ ಮೇಲೆ ಸರಿಯಾಗಿ ಕೂಡುವಂಥ ಗಟ್ಟಿ, ಸಣ್ಣ, ದುಂಡನೆಯದು ಏನಾದರೂ ಬೇಕಿತ್ತು. ತಲೆ ಎತ್ತಿದೆ. ಎದುರಿಗೆ ಮಾವನ ಬಿಳಿ ಅಂಗಿ.

“ಮಾವಾರ, ಅಲಗಾಡಬ್ಯಾಡ್ರಿ” ಅಂದೆ. ಎದೆಯ ಹತ್ತಿರದ ಗುಂಡಿ ಹಿಡಿದು ಕಿತ್ತೆ. ತೂತಿನೊಳಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ.

ಕಾರು ಗಪ್ಪಾಯಿತು. ಆ ಶಾಂತಿಯಲ್ಲಿ ಭಟ್ಟರು, ಸೈರನ್ನಿಗೆ ಎದುರಾಗಿ ಅಷ್ಟು ಹೊತ್ತೂ ಕೂಗುತ್ತಿದ್ದವರು, ಅದೇ ದನಿಯಲ್ಲಿ ಮಂಗಲಾಷ್ಟಕದ “ಸಾವಧಾನ!” ಅಂದದ್ದು ನಿಪ್ಪಾಣಿಗೂ ಕೇಳಿಸಿರಬೇಕು.

ಗುಂಡಿಯನ್ನು ಅಲ್ಲೇ ಟೇಪು ಸುತ್ತಿ ಕೊಟ್ಟೆ. ಸೋದರಮಾವ ಕೈ ಮುಗಿದು, “ಉಪಕಾರ ಆತ್ರಿ ಮೇಸ್ತ್ರಿ” ಅಂದರು. ಮಾವನಿಗೇ ಅಂದರು. ನಾನು ಮಾವನ ಮುಖ ನೋಡಿದೆ. ಅವರು ಒಂದು ಕೈಯಲ್ಲಿ ಎದೆಯ ಮೇಲಿನ ಅಂಗಿ ಹಿಡಿದುಕೊಂಡು ನಿಂತಿದ್ದರು. “ನಮ್ಮ ಸೊಸಿ ಮಾಡ್ಯಾಳ” ಅನ್ನಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ, ಸ್ಕೂಟಿಯ ಹಿಂದೆ ಕೂತು ಬರುವಾಗಲೂ ಇಲ್ಲ. ಇನ್ನು ಈ ಆಸೆ ಬಿಡಬೇಕು ಎಂದು ದಾರಿಯಲ್ಲಿ ತೀರ್ಮಾನಿಸಿದೆ. ಕಣ್ಣಲ್ಲಿ ನೀರಿತ್ತು, ಗಾಳಿಗೆ ಅಂದುಕೊಂಡೆ.

ಅಂಗಡಿಗೆ ಬಂದು ನನ್ನ ಜಾಗದಲ್ಲಿ ಕೂತೆ. ಮಾವ ಮೂಲೆಯ ಕುರ್ಚಿಗೆ ಹೋಗಲಿಲ್ಲ. ಅಂಗಿ ಬಿಚ್ಚಿ, ಬನಿಯನ್ನಿನ ಮೇಲೆ ಹೊರಗೆ ಹೋಗಿ, ಗಿರಾಕಿಗಳು ನಿಲ್ಲುವ ಕಡೆ ನಿಂತರು. ಕತ್ತು ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದರು. ಆಮೇಲೆ ಅಂಗಿಯನ್ನು ನನ್ನ ಮುಂದೆ ಇಟ್ಟರು.

“ಮೇಸ್ತ್ರಿ, ಒಂದ ಗುಂಡಿ ಹಾಕಿ ಕೊಡ್ರಿ” ಅಂದರು. “ರಬ್ಬರಿಂದು ಬ್ಯಾಡ.”